ಅಪಘಾತ ಪರಿಹಾರದ ದಾವೆ: ವಕೀಲರ ಆಯ್ಕೆಯಲ್ಲಿ ವ್ಯಾಪಾರಸ್ಥರು ಗಮನಿಸಬೇಕಾದ ಸಂಗತಿಗಳು

ಹಿಂದೆ 9ನೆಯ ಸಂಖ್ಯೆಯದಾಗಿದ್ದು ಈಗ 65ನೆಯ ಸಂಖ್ಯೆ ಪಡೆದಿರುವ ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿಯು ಸಸ್ತಾಪುರ ಬಂಗ್ಲಾದ ಮೂಲಕ ಹಾದು ಹುಮನಾಬಾದಿನಲ್ಲಿ ಬೀದರ್–ಕಲಬುರಗಿ ರಸ್ತೆಯನ್ನು ಸಂಧಿಸುತ್ತದೆ. ಬಸವಕಲ್ಯಾಣದ ಆಟೋನಗರದ ಲಾರಿ ಉದ್ದಿಮೆಯೂ ಹುಮನಾಬಾದಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳೂ ಈ ಮಾರ್ಗವನ್ನೇ ನಂಬಿವೆ. ಆದಕಾರಣ ಈ ಭಾಗದ ವ್ಯಾಪಾರಸ್ಥನು ಗಾಯಾಳುವಾಗಿಯೋ ವಾಹನದ ಮಾಲೀಕನಾಗಿಯೋ ಅಪಘಾತ ಪ್ರಕರಣವೊಂದರಲ್ಲಿ ನ್ಯಾಯಮಂಡಳಿಯ ಮೆಟ್ಟಿಲು ಹತ್ತುವ ಸಂಭವ ಇದ್ದೇ ಇದೆ. ಒಂದು ಯಂತ್ರ ಕೊಳ್ಳಲು ನಾಲ್ಕು ಕಡೆ ದರಪಟ್ಟಿ ತರಿಸುವವರು ಕೂಡ ವಕೀಲರನ್ನು ಮಾತ್ರ ಆಸ್ಪತ್ರೆಯ ವರಾಂಡದಲ್ಲಿ ಅರ್ಧ ಗಳಿಗೆಯೊಳಗೆ ಗೊತ್ತುಮಾಡಿಬಿಡುವುದು ಸೋಜಿಗದ ಸಂಗತಿ.

ಭಾರತೀಯ ವಕೀಲರ ಪರಿಷತ್ತಿನ ನಿಯಮಗಳ ಪ್ರಕಾರ ವಕೀಲರು ಜಾಹೀರಾತು ನೀಡುವಂತಿಲ್ಲ, ದಲ್ಲಾಳಿಗಳ ಮೂಲಕ ಕೆಲಸ ಅರಸುವಂತಿಲ್ಲ. ಹೀಗಿರುವಾಗ ಗಾಯಾಳುವಿನ ಹಾಸಿಗೆಯ ಪಕ್ಕದಲ್ಲಿ ವಕಾಲತ್‌ನಾಮೆಯನ್ನು ಹಿಡಿದು ನಿಲ್ಲುವವನು ಯಾರು, ಯಾರ ಕಡೆಯವನು ಎಂಬುದನ್ನು ಕುಟುಂಬದವರು ಕೇಳಲೇಬೇಕು. ಸಹಿಗೆ ಅಂದೇ ಅವಸರವಿಲ್ಲ. ಎರಡೂ ಪಟ್ಟಣಗಳಲ್ಲಿ ನ್ಯಾಯಾಲಯಗಳಿವೆ. ಅಲ್ಲಿ ಅಪಘಾತದ ದಾವೆಗಳನ್ನು ನಿತ್ಯ ನಡೆಸುವವರು ಯಾರೆಂಬುದು ದಾವೆ ಮುಗಿಸಿಕೊಂಡವರಿಗೆ ತಿಳಿದಿರುತ್ತದೆ. ಇ-ಕೋರ್ಟ್ಸ್ ಸೇವೆಯಲ್ಲಿ ವಕೀಲರ ಹೆಸರಿನ ಮೇಲೆಯೇ ಪ್ರಕರಣಗಳನ್ನು ಹುಡುಕಬಹುದಾಗಿದ್ದು, ಅವರು ನಡೆಸಿದ ದಾವೆಗಳು ಯಾವ ಹಂತದಲ್ಲಿವೆ ಎಂಬುದು ಮನೆಯಲ್ಲಿ ಕುಳಿತೇ ಗೊತ್ತಾಗುತ್ತದೆ. ಎದುರು ಪಕ್ಷವಾಗಲಿರುವ ವಿಮಾ ಕಂಪನಿಯ ವಕೀಲರ ಪಟ್ಟಿಯಲ್ಲಿ ಅವರು ಇದ್ದಾರೆಯೇ ಎಂದು ನೇರವಾಗಿ ಕೇಳುವುದು ಅಗೌರವವಲ್ಲ.

ಅಪಘಾತ ಉಮರ್ಗಾದ ಬಳಿಯೋ ಜಹೀರಾಬಾದಿನ ಬಳಿಯೋ ನಡೆದರೆ ಆ ರಾಜ್ಯದಲ್ಲೇ ದಾವೆ ಹೂಡಬೇಕೆಂಬ ತಪ್ಪು ತಿಳಿವಳಿಕೆ ಗಡಿಭಾಗದಲ್ಲಿ ಸಾಮಾನ್ಯ. 1988ರ ಮೋಟಾರು ವಾಹನ ಕಾಯ್ದೆಯ 166ನೆಯ ಕಲಮಿನಂತೆ, ಅರ್ಜಿದಾರನು ವಾಸಿಸುವ ಅಥವಾ ವ್ಯವಹಾರ ನಡೆಸುವ ಪ್ರದೇಶದ ವ್ಯಾಪ್ತಿಯುಳ್ಳ ನ್ಯಾಯಮಂಡಳಿಯಲ್ಲೂ ಅರ್ಜಿ ಸಲ್ಲಿಸಬಹುದು. ಇಲ್ಲಿನ ನ್ಯಾಯಮಂಡಳಿಯ ತೀರ್ಪಿನ ಮೇಲ್ಮನವಿಗೂ ಬೆಂಗಳೂರಿಗೆ ಹೋಗಬೇಕಿಲ್ಲ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠ ಕಲಬುರಗಿಯಲ್ಲಿದೆ. ಪೊಲೀಸ್ ಠಾಣೆಯ ಪಂಚನಾಮೆ, ಆಸ್ಪತ್ರೆಯ ದಾಖಲೆ, ಸಾಕ್ಷಿಗಳ ಹಾಜರಿ ಇವೆಲ್ಲಕ್ಕೂ ಓಡಾಡಬೇಕಾದ್ದರಿಂದ ದೂರದ ಹೆಸರಾಂತ ವಕೀಲರಿಗಿಂತ ಊರಿನ ಶ್ರದ್ಧಾವಂತ ವಕೀಲರೇ ಬಹುತೇಕ ಸಂದರ್ಭಗಳಲ್ಲಿ ಮೇಲು.

ಆದರೆ ವಿಳಂಬ ಸಲ್ಲದು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಅಪಘಾತದಿಂದ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆನ್ನುತ್ತದೆ. ಇದರ ಸಿಂಧುತ್ವ ಪ್ರಶ್ನಿತವಾಗಿದ್ದು, ಕಾಲಮಿತಿಯ ಕಾರಣಕ್ಕಾಗಿಯೇ ಅರ್ಜಿಗಳನ್ನು ವಜಾ ಮಾಡಬಾರದೆಂದು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ನೀಡಿತು. ಮಧ್ಯಂತರ ಆದೇಶವನ್ನು ನಂಬಿ ಕೂರುವುದು ಜಾಣತನವಲ್ಲ.

ಶುಲ್ಕದ ವಿಷಯ ಸೂಕ್ಷ್ಮವಾದುದು. ಬರುವ ಪರಿಹಾರದಲ್ಲಿ ಇಂತಿಷ್ಟು ಪಾಲು ಎಂಬ ಒಪ್ಪಂದವನ್ನು ವಕೀಲರ ಪರಿಷತ್ತಿನ ನಿಯಮ ನಿಷೇಧಿಸಿದೆ. ಆದರೂ ಅಂತಹ ಮಾತುಕತೆ ನಡೆಯುವುದುಂಟು. ಶುಲ್ಕವೆಷ್ಟು, ಯಾವ ಹಂತದಲ್ಲಿ ಎಷ್ಟು, ವೈದ್ಯಕೀಯ ಸಾಕ್ಷಿಯ ವೆಚ್ಚ ಯಾರದು ಎಂಬುದನ್ನು ಆರಂಭದಲ್ಲೇ ಬರವಣಿಗೆಯಲ್ಲಿ ಇಟ್ಟುಕೊಂಡು ರಸೀದಿ ಪಡೆಯುವುದು ಒಳಿತು. ಖಾಲಿ ಚೆಕ್ಕಿಗೂ ಬ್ಯಾಂಕಿನ ಹಣ ಪಡೆಯುವ ಚೀಟಿಗೂ ಮುಂಗಡ ಸಹಿ ಹಾಕಬಾರದು. ಪರಿಹಾರದ ಹಣ ನೇರವಾಗಿ ಅರ್ಜಿದಾರರ ಖಾತೆಗೇ ಹೋಗಬೇಕೆಂದು ಸುಪ್ರೀಂ ಕೋರ್ಟ್ 2025ರಲ್ಲಿ ನಿರ್ದೇಶಿಸಿದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಉಚಿತ ನೆರವಿಗೆ ಅರ್ಹರು.

ವಕೀಲರ ಸಾಮರ್ಥ್ಯವನ್ನು ಅಳೆಯಲು ಒಂದು ಪ್ರಶ್ನೆ ಸಾಕು: ಆದಾಯವನ್ನೂ ಅಂಗವೈಕಲ್ಯವನ್ನೂ ಹೇಗೆ ರುಜುವಾತುಪಡಿಸುವಿರಿ? 38 ವರ್ಷದ ಕಿರಾಣಿ ವ್ಯಾಪಾರಿಯೊಬ್ಬನ ವಾರ್ಷಿಕ ಆದಾಯ 3,60,000 ರೂಪಾಯಿ, ದುಡಿಮೆಯ ಸಾಮರ್ಥ್ಯದಲ್ಲಿ ಶೇ. 20ರಷ್ಟು ಕಾಯಂ ನಷ್ಟ ಎಂದು ಭಾವಿಸೋಣ. ವಾರ್ಷಿಕ ನಷ್ಟ 72,000. ಭವಿಷ್ಯದ ಆದಾಯವೃದ್ಧಿಗೆ 2017ರ ಪ್ರಣಯ್ ಸೇಠಿ ತೀರ್ಪಿನಂತೆ ಸ್ವಂತ ಉದ್ಯೋಗದ 40ರೊಳಗಿನವರಿಗೆ ಶೇ. 40 ಸೇರಿಸಿ, 2009ರ ಸರಳಾ ವರ್ಮಾ ತೀರ್ಪಿನ ಗುಣಕ 15ರಿಂದ ಗುಣಿಸಿದರೆ 15,12,000 ರೂಪಾಯಿ ಆಗುತ್ತದೆ. ಆದಾಯ ತೆರಿಗೆ ವಿವರಪಟ್ಟಿಯೇ ಇಲ್ಲದೆ ನ್ಯಾಯಮಂಡಳಿಯು ತಿಂಗಳಿಗೆ 12,000 ರೂಪಾಯಿ ಎಂದು ಊಹಿಸಿತೆನ್ನಿ. ಅದೇ ಲೆಕ್ಕ 6,04,800ಕ್ಕೆ ಇಳಿಯುತ್ತದೆ. ತೆರಿಗೆ ಉಳಿಸಲು ಆದಾಯ ಕಡಿಮೆ ತೋರಿಸಿದವರಿಗೆ ಕಾಗದದ ಮೇಲಿನ ಆ ಅಂಕಿಯೇ ಎದುರು ನಿಲ್ಲುತ್ತದೆ, ಅಪಘಾತದ ನಂತರ ಸಲ್ಲಿಸಿದ ವಿವರಪಟ್ಟಿಯನ್ನು ನ್ಯಾಯಮಂಡಳಿ ಅನುಮಾನದಿಂದಲೇ ನೋಡುತ್ತದೆ. ವೈದ್ಯರು ಬರೆದ ಶೇಕಡಾ ಪ್ರಮಾಣವೇ ದುಡಿಮೆಯ ನಷ್ಟವಲ್ಲವೆಂದು 2010ರಲ್ಲಿ ಸುಪ್ರೀಂ ಕೋರ್ಟ್ ವಿವರಿಸಿದೆ. ಕಾಲಿನ ಗಾಯ ಗುಮಾಸ್ತನಿಗೂ ಹಮಾಲನಿಗೂ ಒಂದೇ ಅಲ್ಲ. ಚಿಕಿತ್ಸೆ ನೀಡಿದ ವೈದ್ಯರನ್ನು ಸಾಕ್ಷಿಯಾಗಿ ಕರೆಸುವ ಉತ್ಸಾಹವಿಲ್ಲದ ವಕೀಲರಿಂದ ಹೆಚ್ಚು ನಿರೀಕ್ಷಿಸಲಾಗದು.

ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದು ಅಂತಿಮ, ಮೇಲ್ಮನವಿಗೆ ಅವಕಾಶವಿಲ್ಲ. ಮೇಲಿನಂತಹ ಲೆಕ್ಕವನ್ನು ವಕೀಲರಿಂದ ಬರೆಯಿಸಿಕೊಂಡ ಮೇಲೆಯೇ ಒಪ್ಪಿಗೆ ಕೊಡುವುದು ಕ್ಷೇಮ. ವಕೀಲರನ್ನು ಬದಲಿಸಬೇಕಾದಲ್ಲಿ, ಶುಲ್ಕ ಬಾಕಿ ಇದೆಯೆಂದು ಅವರು ಕಡತವನ್ನು ತಡೆಹಿಡಿಯುವಂತಿಲ್ಲ. 2000ದಲ್ಲಿಯೇ ಸುಪ್ರೀಂ ಕೋರ್ಟ್ ಇದನ್ನು ಇತ್ಯರ್ಥಪಡಿಸಿದೆ.

ಲಾರಿ ಮಾಲೀಕರ ವಿಷಯ

ನೋಟಿಸ್ ಬಂದಾಗ 'ವಿಮೆ ಇದೆ, ಕಂಪನಿಯ ವಕೀಲರು ನೋಡಿಕೊಳ್ಳುತ್ತಾರೆ' ಎಂದು ಸುಮ್ಮನಿರುವ ಮಾಲೀಕರು ಅನೇಕ. ಆ ವಕೀಲರು ಕಂಪನಿಯ ಹಿತ ಕಾಯುವವರು. ಚಾಲಕನ ಪರವಾನಗಿ, ಪರ್ಮಿಟ್, ಫಿಟ್‌ನೆಸ್ ಇವುಗಳಲ್ಲಿ ಲೋಪ ಕಂಡರೆ ಮಾಲೀಕನ ವಿರುದ್ಧವೇ ವಾದಿಸುತ್ತಾರೆ. 2004ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಪರವಾನಗಿಯ ಲೋಪ ಸಾಬೀತಾದಲ್ಲಿ ಕಂಪನಿಯು ಗಾಯಾಳುವಿಗೆ ಹಣ ಕೊಟ್ಟು ಮಾಲೀಕನಿಂದ ವಸೂಲು ಮಾಡಿಕೊಳ್ಳಬಹುದು. ಚಾಲಕನನ್ನು ನೇಮಿಸುವಾಗ ಪರವಾನಗಿಯನ್ನು ಪರೀಕ್ಷಿಸಿದ್ದೆನೆಂದು ಹೇಳಬೇಕಾದವನೇ ಗೈರುಹಾಜರಾದರೆ ಆ ರಕ್ಷಣೆಯೂ ಕೈತಪ್ಪುತ್ತದೆ. ಸರಕಿನ ಮೇಲೆ ಕೂಲಿ ಪಡೆಯದ ಪ್ರಯಾಣಿಕರನ್ನು ಹತ್ತಿಸಿಕೊಂಡಿದ್ದರೆ ಹೊರೆ ಬಹುಮಟ್ಟಿಗೆ ಮಾಲೀಕನ ಮೇಲೆಯೇ; ಸರಕಿನ ಒಡೆಯ ಅಥವಾ ಅವನ ಪ್ರತಿನಿಧಿ ಮಾತ್ರ ವಿಮೆಯ ವ್ಯಾಪ್ತಿಯಲ್ಲಿದ್ದಾನೆ.

ಗಾಯಗೊಂಡವನು ತಮ್ಮದೇ ಚಾಲಕನೋ ಕ್ಲೀನರನೋ ಆಗಿದ್ದಲ್ಲಿ ಎರಡು ದಾರಿಗಳಿದ್ದು, ಒಂದನ್ನು ಮಾತ್ರ ಹಿಡಿಯಬಹುದು. ಮೋಟಾರು ವಾಹನ ಕಾಯ್ದೆಯ 166ನೆಯ ಕಲಮಿನಡಿ ಇನ್ನೊಬ್ಬರ ನಿರ್ಲಕ್ಷ್ಯವನ್ನು ಸಾಬೀತುಪಡಿಸಬೇಕು. ನೌಕರರ ಪರಿಹಾರದ ದಾರಿಯಲ್ಲಿ ಅದು ಬೇಕಿಲ್ಲ. 1923ರ ನೌಕರರ ಪರಿಹಾರ ಕಾಯ್ದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಯಲ್ಲಿದೆ. ಹಳೆಯ ಕಾಯ್ದೆಯಡಿ, ಪರಿಹಾರ ಕೊಡಲು ತಡಮಾಡಿದ ಮಾಲೀಕನಿಗೆ ಬೀಳುವ ದಂಡವನ್ನು ವಿಮಾ ಕಂಪನಿ ಹೊರಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 1997ರಲ್ಲಿ ಹೇಳಿತ್ತು. ಸಮನ್ಸ್ ಕೈಸೇರಿದ ವಾರದಲ್ಲೇ ಪಾಲಿಸಿ, ಆರ್‌ಸಿ, ಪರ್ಮಿಟ್, ಚಾಲಕನ ಪರವಾನಗಿಯ ಪ್ರತಿ, ವೇತನದ ಪುಸ್ತಕ ಇವನ್ನು ಸ್ವಂತ ವಕೀಲರ ಕೈಗೆ ಒಪ್ಪಿಸಿ ಸ್ವೀಕೃತಿ ಪಡೆದಿಟ್ಟುಕೊಳ್ಳತಕ್ಕದ್ದು.