ಜೀಪಿನ ನೆತ್ತಿಯ ಮೇಲೊಂದು ಕಡ್ಡಿ

ಚಾರ್ಮಾಡಿ ಘಾಟಿಯ ತಿರುವುಗಳನ್ನು ಇಳಿಯುವಾಗ ಮೊಬೈಲಿನ ಗೆರೆಗಳು ಒಂದೊಂದಾಗಿ ಮಾಯವಾಗುವುದನ್ನು ನೋಡಿದ್ದೀರಲ್ಲ? ಹಿಂದಿನ ಗಾಡಿ ಕೆಸರಿನಲ್ಲಿ ಹೂತಿತೋ, ಮುಂದೆ ಮರ ಬಿದ್ದಿದೆಯೋ, ಆಗ ಯಾರನ್ನು ಕೇಳುವುದು? ನನ್ನ ಅಳಿಯ ಮತ್ತು ಅವನ ಗೆಳೆಯರು ರಜೆ ಸಿಕ್ಕಿದರೆ ಜೀಪು ಹತ್ತಿ ಘಟ್ಟಕ್ಕೆ ಹೊರಡುವವರು. (ಮನೆ ವೈಟ್‌ಫೀಲ್ಡಿನಲ್ಲಿ, ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ನಿಜವಾದ ಸಾಹಸಯಾತ್ರೆ ಅದೇ ಎಂದು ನನ್ನ ಅಭಿಪ್ರಾಯ.) ಈ ವರ್ಷ ಅವರೆಲ್ಲ ಪರೀಕ್ಷೆ ಬರೆದು ಹ್ಯಾಮ್ ಪರವಾನಗಿ ಪಡೆದರು. ಜೀಪಿಗೆ ರೇಡಿಯೊ ಬಂತು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನೆಂದು ಲೆಕ್ಕದ ಕೆಲಸ ನನಗೂ ಮೊಮ್ಮಗಳಿಗೂ ಬಂತು.

ಲೆಕ್ಕ ಸುಲಭ, ಮಕ್ಕಳೇ. ರೇಡಿಯೊ ಅಲೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಹಾಗಾಗಿ 300 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಬರುತ್ತದೆ. ನಮ್ಮಲ್ಲಿ ಹವ್ಯಾಸಿಗಳಿಗೆ ಬಿಟ್ಟಿರುವ ಪಟ್ಟಿಗಳಲ್ಲಿ ಒಂದು 144ರಿಂದ 146 ಮೆಗಾಹರ್ಟ್ಸ್. ನಡುವಿನ 145 ಹಿಡಿದರೆ 2.07 ಮೀಟರ್. ಅದರ ಕಾಲುಭಾಗ 52 ಸೆಂಟಿಮೀಟರ್. ಲೋಹದ ಕಡ್ಡಿಯನ್ನು ಇದಕ್ಕಿಂತ ಒಂದಿಷ್ಟು ಗಿಡ್ಡ, 49ರ ಆಸುಪಾಸಿಗೆ ಕತ್ತರಿಸಬೇಕು. ಅಷ್ಟೇ, ಆಂಟೆನಾ!

ಅದನ್ನು ಎಲ್ಲಿ ನಿಲ್ಲಿಸುವುದು ಎನ್ನುವುದೇ ದೊಡ್ಡ ವಿಷಯ. ಕಡ್ಡಿಯ ಕೆಳಗಿನ ತಗಡು ಕನ್ನಡಿಯಂತೆ ಕೆಲಸ ಮಾಡಿ, ಇಲ್ಲದ ಇನ್ನೊಂದು ಅರ್ಧವನ್ನು ತುಂಬಿಕೊಡುತ್ತದೆ. ಆದ್ದರಿಂದ ಲೋಹದ ಚಾವಣಿಯ ನಟ್ಟನಡುವೆ ಇದ್ದರೆ ನಾಲ್ಕೂ ದಿಕ್ಕಿಗೆ ಸಮವಾಗಿ ಕೇಳಿಸುತ್ತದೆ. ಹಿಂದಿನ ಸ್ಟೆಪ್ನಿ ಚಕ್ರದ ಪಕ್ಕ ಕಟ್ಟಿದರೆ ಒಂದು ಕಡೆ ಜೋರು, ಇನ್ನೊಂದು ಕಡೆ ಮಂದ. ಕ್ಯಾನ್ವಾಸ್ ಹೊದಿಕೆಯ ಜೀಪಿಗೆ ಈ ಕನ್ನಡಿಯೇ ಇಲ್ಲ. ನಮ್ಮದು ತಗಡಿನ ಚಾವಣಿ, ಆದರೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಸೂರು ತಗ್ಗು. ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಸ್ಟೀಲಿನ ಹಿಡಿಕೆ ಮಾಡಿಸಿ, ಕಡ್ಡಿ ಮಡಚಿ ಮಲಗುವಂತೆ ಕೀಲು ಹಾಕಿಸಿದೆವು. ಲೇತಿನ ಹುಡುಗ ಚಿತ್ರ ನೋಡದೆ, ನಾವು ಬಾಯಲ್ಲಿ ಹೇಳಿದ್ದನ್ನೇ ಕೇಳಿ ಮಾಡಿಕೊಟ್ಟ.

ಉಳಿದದ್ದು ವೈರಿಂಗ್. 50 ವ್ಯಾಟಿನ ಸೆಟ್ಟು ಮಾತಾಡುವಾಗ 10 ಆಂಪಿಯರಿಗೂ ಹೆಚ್ಚು ಕರೆಂಟು ಎಳೆಯುತ್ತದೆ; ಸಿಗರೇಟ್ ಲೈಟರಿನ ತೂತಿಗೆ ಅದು ಭಾರ. ನೇರ ಬ್ಯಾಟರಿಯಿಂದಲೇ ದಪ್ಪ ತಂತಿ, ಬ್ಯಾಟರಿಯ ಹತ್ತಿರವೇ ಫ್ಯೂಸು. ಆಂಟೆನಾ ಜೋಡಿಸದೆ ಮಾತಿನ ಗುಂಡಿ ಒತ್ತಿದರೆ ಸೆಟ್ಟೇ ಸುಟ್ಟೀತು. ಮಾತಾಡುತ್ತಿರುವಾಗ ಕಡ್ಡಿ ಮುಟ್ಟಬಾರದು.

ಪರವಾನಗಿ ಇಲ್ಲದೆ ಈ ಸೆಟ್ಟಿನಲ್ಲಿ ಮಾತಾಡುವುದು ಅಪರಾಧ. ವ್ಯಾಪಾರದ ಮಾತೂ ಕೂಡದು. ಬರೀ ಎರಡು ಗಾಡಿಗಳ ನಡುವೆ ಹತ್ತಿರದ ಮಾತು ಸಾಕೆನ್ನುವವರಿಗೆ 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ವಾಕಿಟಾಕಿ ಇದೆ. ಅದಕ್ಕೆ ಪರವಾನಗಿ ಬೇಡ, ಆದರೆ ಸೆಟ್ಟಿಗೆ ಸರ್ಕಾರದ ಅನುಮೋದನೆ ಇರಬೇಕು.

ಇದೆಲ್ಲ ಬರೀ ಶೋಕಿ ಎಂದು ನನ್ನ ವಾಕಿಂಗ್ ಗೆಳೆಯರು ನಗುತ್ತಾರೆ. ಅವರಿಗೆ ಭಾರತಿ ಪ್ರಸಾದ್ ಅವರ ಕಥೆ ಹೇಳುತ್ತೇನೆ. 2004ರ ಡಿಸೆಂಬರಿನಲ್ಲಿ ಅವರು ಹವ್ಯಾಸಿ ರೇಡಿಯೊ ಪ್ರಸಾರಕ್ಕೆಂದೇ ಅಂಡಮಾನಿಗೆ ಹೋಗಿದ್ದರು. 26ರಂದು ಸುನಾಮಿ ಬಂತು, ಫೋನುಗಳು ಸತ್ತವು. ಪೋರ್ಟ್ ಬ್ಲೇರಿನಿಂದ ಅವರ ರೇಡಿಯೊ ಸುದ್ದಿ ಸಾಗಿಸಿತು. ಬದುಕಿದ್ದೇವೆ ಎಂಬ ಮಾತು ಮನೆಗಳಿಗೆ ತಲುಪಿತು. ಅವರ ಕರೆಗುರುತು ವಿಯು 2 ಆರ್‌ಬಿಐ. ಬ್ಯಾಂಕಿನವನಾದ ನನಗೆ ಅದು ಮರೆಯುವುದುಂಟೇ!

ಕೇಂದ್ರ ಸರ್ಕಾರದ ಈ ಪರೀಕ್ಷೆಗೆ 12 ವರ್ಷ ತುಂಬಿದ್ದರೆ ಸಾಕು. ಮೋರ್ಸ್ ಸಂಕೇತ ಬಾರದವರಿಗೂ ಒಂದು ದರ್ಜೆ ಇದೆ. ಮೊಮ್ಮಗಳಿಗೆ ಮೊನ್ನೆಯಷ್ಟೇ 12 ತುಂಬಿತು, ಓದು ಶುರುವಾಗಿದೆ. ಮೇಲಿನ ವಯಸ್ಸಿಗೆ ಮಿತಿ ಇಲ್ಲವಾದ್ದರಿಂದ ಅವಳ ಪುಸ್ತಕವನ್ನು ರಾತ್ರಿ ನಾನು ಓದುತ್ತಿದ್ದೇನೆ.