ಬಾಯಲ್ಲಿ ದಂತಾಳೆ ಹೊತ್ತ ಮೀನು

ಮಕ್ಕಳೇ, ಕಮಲಾಪುರದ ಕೆಂಪು ಬಾಳೆಹಣ್ಣನ್ನು ನೀವು ದೂರದಿಂದಲೇ ಗುರುತಿಸಬಲ್ಲಿರಿ, ಅಲ್ಲವೇ? ಸಿಪ್ಪೆಯ ಬಣ್ಣವೇ ಅದರ ಗುರುತು. ಆದರೆ ಬಣ್ಣ, ಆಕಾರ ಎರಡೂ ಒಂದೇ ಆಗಿದ್ದರೆ ಏನು ಮಾಡುವುದು? ಮೀನುಗಳ ಲೋಕದಲ್ಲಿ ಇಂತಹ ತೊಂದರೆ ಮತ್ತೆ ಮತ್ತೆ ಎದುರಾಗುತ್ತದೆ.

ನಮ್ಮ ಕಲಬುರಗಿ ಜಿಲ್ಲೆಗೆ ಸಮುದ್ರವಿಲ್ಲ. ಭೀಮಾ, ಕಾಗಿಣಾ ನದಿಗಳ ಮತ್ತು ಕೆರೆಗಳ ಮೀನುಗಳೇ ನಮಗೆ ಹೆಚ್ಚು ಪರಿಚಿತ. ಆದರೂ ನೂರಾರು ಕಿಲೋಮೀಟರ್ ದೂರದ ಕರಾವಳಿಯಿಂದ ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ಸಮುದ್ರದ ಮೀನುಗಳು ಕಲಬುರಗಿ ನಗರಕ್ಕೆ ಬರುತ್ತವೆ. ಕರ್ನಾಟಕದ ಕರಾವಳಿಯಲ್ಲಿ ಮನೆಮಾತಾಗಿರುವ ಅಂತಹ ಒಂದು ಮೀನು ಬಂಗುಡೆ. ಇಂದು ಅದರ ಪರಿಚಯ ಮಾಡಿಕೊಳ್ಳೋಣ.

ಹೊರಗಿನ ರಚನೆ

ಬಂಗುಡೆಯ ದೇಹ ನೂಲುವ ಕದಿರಿನಂತೆ ನಡುವೆ ದಪ್ಪ, ಎರಡೂ ತುದಿಗಳಲ್ಲಿ ಚೂಪು. ಇಂತಹ ಆಕಾರವು ನೀರನ್ನು ಸುಲಭವಾಗಿ ಸೀಳಿಕೊಂಡು ಹೋಗುತ್ತದೆ. ಸಾಮಾನ್ಯವಾಗಿ ಇದು ಸುಮಾರು 25 ಸೆಂ.ಮೀ. ಉದ್ದ ಬೆಳೆಯುತ್ತದೆ. ಬೆನ್ನಿನ ಭಾಗದಲ್ಲಿ ಉದ್ದುದ್ದ ಕಪ್ಪು ಗೆರೆಗಳಿವೆ. ಹೊಟ್ಟೆ ಬೆಳ್ಳಿಯಂತೆ ಹೊಳೆಯುತ್ತದೆ. ಬೆನ್ನಿನ ಮೇಲೆ ಒಂದರಿಂದ ಒಂದು ದೂರವಾದ ಎರಡು ಈಜುರೆಕ್ಕೆಗಳಿವೆ. ಬಾಲದ ಹತ್ತಿರ ಮೇಲೆ ಐದು, ಕೆಳಗೆ ಐದು ಪುಟ್ಟ ಕಿರುರೆಕ್ಕೆಗಳಿವೆ. ಟ್ಯೂನಾ, ಅಂಜಲ್ ಮೀನುಗಳಿಗೂ ಇಂತಹ ಕಿರುರೆಕ್ಕೆಗಳುಂಟು. ಈ ಮೂರೂ ಒಂದೇ ಕುಟುಂಬಕ್ಕೆ, ಅಂದರೆ ಸ್ಕಾಂಬ್ರಿಡೆ ಕುಟುಂಬಕ್ಕೆ ಸೇರಿವೆ.

ಬಾಯೊಳಗಿನ ಬೆರಗು

ಮೀನಿನ ತಲೆಯ ಎರಡೂ ಬದಿಯ ಮುಚ್ಚಳ ಎತ್ತಿದರೆ ಕೆಂಪು ಕಿವಿರುಗಳು ಕಾಣುತ್ತವೆ. ಅವು ಕಮಾನಿನಂತಹ ಎಲುಬಿಗೆ ಅಂಟಿಕೊಂಡಿರುತ್ತವೆ. ಕಮಾನಿನ ಹೊರಬದಿಯ ಕೆಂಪು ಎಳೆಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಹೀರಿಕೊಳ್ಳುತ್ತವೆ. ಒಳಬದಿಯಲ್ಲಿ, ಬಾಯಿಯ ಕಡೆಗೆ, ಗಟ್ಟಿಯಾದ ಕಡ್ಡಿಗಳ ಸಾಲು ಇರುತ್ತದೆ. ಬಂಗುಡೆಯಲ್ಲಿ ಈ ಕಡ್ಡಿಗಳು ಎಷ್ಟು ಉದ್ದವೆಂದರೆ ಬಾಯಿ ತೆರೆದರೆ ಸಾಕು, ಹೊರಗಿನಿಂದಲೇ ಕಾಣುತ್ತವೆ. ಮೊದಲ ಕಮಾನಿನ ಕೆಳಭಾಗದಲ್ಲೇ 30ರಿಂದ 46 ಕಡ್ಡಿಗಳಿರುತ್ತವೆ!

ಇವು ಏಕೆ ಬೇಕು? ಬಂಗುಡೆ ಗುಂಪಾಗಿ, ಬಾಯಿ ಅಗಲಿಸಿಕೊಂಡು ಈಜುತ್ತದೆ. ಒಳಗೆ ಬಂದ ನೀರು ಕಿವಿರಿನ ಮೂಲಕ ಹೊರಗೆ ಹೋಗುತ್ತದೆ. ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು, ಪುಟ್ಟ ಪ್ರಾಣಿಗಳು ಮಾತ್ರ ಕಡ್ಡಿಗಳಿಗೆ ಸಿಕ್ಕಿ ಒಳಗೇ ಉಳಿಯುತ್ತವೆ. ಅದೇ ಅದರ ಊಟ. ಅಮ್ಮ ಜರಡಿ ಹಿಡಿಯುವುದನ್ನು ನೆನಪಿಸಿಕೊಳ್ಳಿ.

ಹೆಸರಿನ ಕಥೆ

ಕನ್ನಡ, ತುಳು ಭಾಷೆಗಳಲ್ಲಿ ಬಂಗುಡೆ, ಮರಾಠಿಯಲ್ಲಿ ಬಾಂಗಡಾ, ಮಲಯಾಳಂನಲ್ಲಿ ಅಯಲ. ಹೀಗೆ ಒಂದೇ ಮೀನಿಗೆ ಊರಿಗೊಂದು ಹೆಸರು. ಎಲ್ಲರಿಗೂ ಅರ್ಥವಾಗಲೆಂದು ವಿಜ್ಞಾನಿಗಳು ಜಾತಿ ಮತ್ತು ಪ್ರಭೇದ ಎಂಬ ಎರಡು ಭಾಗಗಳ ಹೆಸರು ಕೊಡುತ್ತಾರೆ. ಬಂಗುಡೆಯ ವೈಜ್ಞಾನಿಕ ಹೆಸರು ರಾಸ್ಟ್ರೆಲಿಜರ್ ಕನಗುರ್ಟ.

ಇದರ ಎರಡನೆಯ ಭಾಗ ನಮ್ಮ ನೆರೆಯ ತೆಲುಗು ಭಾಷೆಯದು! ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯರು ವಿಶಾಖಪಟ್ಟಣದ ಇನ್ನೂರು ಮೀನುಗಳ ಚಿತ್ರಗಳಿರುವ ಪುಸ್ತಕವನ್ನು 1803ರಲ್ಲಿ ಪ್ರಕಟಿಸಿದರು. ಅಲ್ಲಿನ ಜನರು ಹೇಳುತ್ತಿದ್ದ 'ಕನಗುರ್ತ' ಎಂಬ ಹೆಸರನ್ನೂ ಅದರಲ್ಲಿ ದಾಖಲಿಸಿದರು. ಫ್ರಾನ್ಸ್‌ನ ವಿಜ್ಞಾನಿ ಕುವಿಯೆ 1816ರಲ್ಲಿ ಅದನ್ನೇ ವೈಜ್ಞಾನಿಕ ಹೆಸರಿನಲ್ಲಿ ಬಳಸಿದರು.

ಮೊದಲ ಭಾಗ 1908ರಲ್ಲಿ ಬಂದಿತು. ಅಮೆರಿಕದ ವಿಜ್ಞಾನಿಗಳಾದ ಜೋರ್ಡನ್ ಮತ್ತು ಸ್ಟಾರ್ಕ್ಸ್ ಈ ಮೀನುಗಳಿಗೆ ಬೇರೆಯೇ ಜಾತಿಯನ್ನು ರೂಪಿಸಿದರು. ಲ್ಯಾಟಿನ್ ಮೂಲದ 'ರಾಸ್ಟ್ರೆಲಿಜರ್' ಎಂದರೆ 'ದಂತಾಳೆ ಹೊತ್ತದ್ದು'. ಕಣದಲ್ಲಿ ಹುಲ್ಲು ಎಳೆದು ಗುಡ್ಡೆ ಹಾಕುವ, ಸಾಲು ಹಲ್ಲುಗಳ ದಂತಾಳೆಯನ್ನು ನೀವು ನೋಡಿರಬಹುದು. ಕಿವಿರಿನ ಕಡ್ಡಿಗಳ ಸಾಲು ಅದರಂತೆಯೇ ಕಾಣುವುದರಿಂದ ಈ ಹೆಸರು.

ಒಂದೇ ಜಾತಿ, ಮೂರು ಪ್ರಭೇದ

ಈ ಜಾತಿಯಲ್ಲಿ ಮೂರು ಪ್ರಭೇದಗಳಿವೆ. ನಮ್ಮ ಕರಾವಳಿಯಲ್ಲಿ ಹೇರಳವಾಗಿರುವುದು ಕನಗುರ್ಟ. ಇನ್ನೆರಡು ಬ್ರಾಕಿಸೋಮ ಮತ್ತು ಫಾನಿ. ಅಂಡಮಾನ್ ಸಮುದ್ರದ ಕಡೆ ಮೂರೂ ಇವೆ. ಬಲೆಯಲ್ಲಿ ಒಟ್ಟಿಗೆ ಸಿಕ್ಕರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ವಿಜ್ಞಾನಿಗಳು ದೇಹದ ಅಳತೆ, ಕಿವಿರಿನ ಕಡ್ಡಿ, ಕರುಳು ಈ ಮೂರನ್ನೂ ಪರೀಕ್ಷಿಸುತ್ತಾರೆ.

ಬ್ರಾಕಿಸೋಮದ ದೇಹ ಹೆಚ್ಚು ಅಗಲ. ಕರುಳು ದೇಹದ ಉದ್ದದ ಮೂರು ಪಟ್ಟಿಗಿಂತ ಹೆಚ್ಚು. ಫಾನಿಯ ದೇಹ ತೆಳ್ಳಗೆ. ಅದರ ಕಡ್ಡಿಗಳು ಗಿಡ್ಡ, 21ರಿಂದ 26 ಮಾತ್ರ. ಕರುಳು ಹೆಚ್ಚುಕಡಿಮೆ ದೇಹದಷ್ಟೇ ಉದ್ದ. ಕನಗುರ್ಟ ಇವೆರಡರ ನಡುವಿನದು. ಅದರ ಕರುಳು ದೇಹದ ಸುಮಾರು ಒಂದೂವರೆ ಪಟ್ಟು. ಸೂಕ್ಷ್ಮ ಸಸ್ಯಗಳನ್ನು ಹೆಚ್ಚಾಗಿ ತಿನ್ನುವ ಮೀನಿಗೆ ಅವನ್ನು ಜೀರ್ಣಿಸಲು ಉದ್ದ ಕರುಳು ಬೇಕು. ದೊಡ್ಡ ಆಹಾರ ಹಿಡಿಯುವ ಮೀನಿಗೆ ಒತ್ತಾದ ಜರಡಿ ಬೇಕಿಲ್ಲ. ನೋಡಿದಿರಾ, ಊಟಕ್ಕೆ ತಕ್ಕಂತೆ ಅಂಗ!

ಇಷ್ಟೆಲ್ಲಾ ಎಣಿಕೆ ಏಕೆ?

ಕಡಲಿನಲ್ಲಿ ಎಷ್ಟು ಮೀನುಗಳಿವೆ ಎಂದು ನೇರವಾಗಿ ಎಣಿಸಲಾಗದು. 1947ರಲ್ಲಿ ಆರಂಭವಾದ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ದಡಕ್ಕೆ ಬಂದ ಮೀನುಗಳನ್ನು ಪ್ರಭೇದವಾರು ಲೆಕ್ಕ ಹಾಕುತ್ತಾರೆ. ಮೂರನ್ನೂ 'ಬಂಗುಡೆ' ಎಂದು ಒಟ್ಟಿಗೆ ಬರೆದರೆ, ಒಂದು ಪ್ರಭೇದ ಕಡಿಮೆಯಾಗುತ್ತಿದ್ದರೂ ಇನ್ನೊಂದರ ಲೆಕ್ಕದಲ್ಲಿ ಅದು ಮುಚ್ಚಿಹೋಗುತ್ತದೆ. ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಮೊಟ್ಟೆ ಇಡುವ ಮೊದಲೇ ಮರಿಗಳನ್ನು ಹಿಡಿದರೆ ಮುಂದಿನ ಪೀಳಿಗೆ ಎಲ್ಲಿಂದ ಬಂದೀತು? ಅದಕ್ಕೇ ಕೇರಳದಲ್ಲಿ 14 ಸೆಂ.ಮೀ.ಗಿಂತ ಚಿಕ್ಕ ಬಂಗುಡೆ ಹಿಡಿಯುವಂತಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ರಜೆ. ಇಂತಹ ಅಳತೆಯ ನಿಯಮ ಪ್ರಭೇದಕ್ಕೆ ತಕ್ಕಂತೆ ಇರಬೇಕು. ಯಾವ ಮೀನು ಎಂದು ತಿಳಿಯದಿದ್ದರೆ ಯಾವ ಅಳತೆ ಹಿಡಿಯುವುದು?

ಮಾಡಿ ನೋಡಿ

ಕಾಗದದ ಮೇಲೆ 20 ಸೆಂ.ಮೀ. ಉದ್ದದ ಮೂರು ಮೀನುಗಳನ್ನು ಬಿಡಿಸಿ. ದೇಹದ ಅಗಲ ಒಂದಕ್ಕೆ 5 ಸೆಂ.ಮೀ. (ಬ್ರಾಕಿಸೋಮ), ಇನ್ನೊಂದಕ್ಕೆ 4.2 (ಕನಗುರ್ಟ), ಮತ್ತೊಂದಕ್ಕೆ 3.7 (ಫಾನಿ) ಇರಲಿ. ಕರುಳಿನ ಬದಲು ಕ್ರಮವಾಗಿ 65, 30 ಮತ್ತು 20 ಸೆಂ.ಮೀ. ದಾರವನ್ನು ಸುರುಳಿ ಮಾಡಿ ಹೊಟ್ಟೆಯಲ್ಲಿ ಅಂಟಿಸಿ. ಈಗ ಗೆಳೆಯರಿಗೆ ಚಿತ್ರ ತೋರಿಸಿ, ಹೆಸರು ಹೇಳದೆ, ಯಾವುದು ಯಾವುದೆಂದು ಕೇಳಿ. ಕಣ್ಣು ಸೋತಲ್ಲಿ ಅಳತೆಪಟ್ಟಿ ಉತ್ತರ ಹೇಳುತ್ತದೆ.

ಯೋಚಿಸಿ

1. ಬಂಗುಡೆಯ ಕಿವಿರಿನ ಕಡ್ಡಿಗಳು ಮುರಿದರೆ ಅದಕ್ಕೆ ಏನಾಗಬಹುದು?
2. ನಿಮ್ಮೂರಿನ ಒಂದು ಗಿಡಕ್ಕೆ ಎಷ್ಟು ಹೆಸರುಗಳಿವೆ? ಹಿರಿಯರನ್ನು ಕೇಳಿ ಪಟ್ಟಿ ಮಾಡಿ.