ಸ್ಪ್ಯಾನಿಷಿನಲ್ಲಿ ‘ಬೇಡ’ ಎನ್ನುವ ಬಗೆ

ಮಗು ನಡೆಯಲು ಕಲಿತ ದಿನದಿಂದ ಅದರ ಕಿವಿಗೆ ಹೆಚ್ಚಾಗಿ ಬೀಳುವ ಮಾತೆಂದರೆ ‘ಬೇಡ’. ಮುಟ್ಟಬೇಡ, ಓಡಬೇಡ, ಮಣ್ಣು ತಿನ್ನಬೇಡ! ಗಡಿಯಾಚೆಯ ನಮ್ಮ ಮನೆಗಳ ಮಕ್ಕಳಾದರೋ ಈ ನಿಷೇಧವನ್ನು ಎರಡು ಭಾಷೆಗಳಲ್ಲಿ ಕೇಳಿ ಬೆಳೆಯುತ್ತಾರೆ. ಮನೆಯಲ್ಲಿ ‘ಮಾತನಾಡಬೇಡ’ ಎಂಬುದನ್ನು ಕೇಳಿದ ಮಗು ಹೊರಗೆ ಹೋದರೆ ಸೊಲ್ಲಾಪುರದಲ್ಲಿ ‘ಬೋಲೂ ನಕೋಸ್’ ಎಂದೂ, ಹೊಸೂರಿನಲ್ಲಿ ‘ಪೇಸಾದೆ’ ಎಂದೂ, ಆದೋನಿಯಲ್ಲಿ ‘ಮಾಟ್ಲಾಡಕು’ ಎಂದೂ, ಕಾಸರಗೋಡಿನಲ್ಲಿ ‘ಸಂಸಾರಿಕ್ಕರುತ್’ ಎಂದೂ ಕೇಳುತ್ತದೆ. ವಿಧಿಗೆ ಒಂದು ರೂಪ, ನಿಷೇಧಕ್ಕೆ ಇನ್ನೊಂದು ರೂಪ ಎಂಬ ತತ್ತ್ವ ಆದುದರಿಂದ ನಮಗೆ ಹೊಸದಲ್ಲ. ಸ್ಪೇನ್, ಮೆಕ್ಸಿಕೊ, ಪೆರು ಮೊದಲಾಗಿ ಸುಮಾರು 20 ರಾಷ್ಟ್ರಗಳ ಅಧಿಕೃತ ಭಾಷೆಯಾದ ಸ್ಪ್ಯಾನಿಷನ್ನು ಕಲಿಯಹೊರಟವರಿಗೆ ಈ ಅರಿವು ಬಹಳ ಉಪಕಾರಿ.

ಸ್ಪ್ಯಾನಿಷಿನಲ್ಲಿ ‘ಅಬ್ಲಾರ್’ ಎಂದರೆ ಮಾತನಾಡುವುದು. ಸಲುಗೆಯಿಂದ ‘ಮಾತನಾಡು’ ಎನ್ನಲು ‘ಅಬ್ಲಾ’ ಎಂದರಾಯಿತು. ಅದರ ಮೊದಲಿಗೆ ‘ನೊ’ ಎಂಬ ನಿಷೇಧ ಶಬ್ದವನ್ನು ಸೇರಿಸಿದರೆ ಸಾಲದೆ? ಸಾಲದು. ‘ನೊ ಅಬ್ಲಾ’ ಎಂದರೆ ‘ಅವನು ಮಾತನಾಡುವುದಿಲ್ಲ’ ಎಂದರ್ಥ. ಅಂತೆಯೇ ‘ಕೊಮೆರ್’ ಎಂದರೆ ಉಣ್ಣುವುದು. ರೋಗಿಗೆ ‘ಉಣ್ಣಬೇಡಿ’ ಎನ್ನಹೋಗಿ ‘ನೊ ಕೊಮೆ’ ಎಂದರೆ ‘ಇವರು ಉಣ್ಣುವುದಿಲ್ಲ’ ಎಂದಂತಾಯಿತು. ಒಂದು ಸ್ವರದ ತಪ್ಪಿನಿಂದ ಎಚ್ಚರಿಕೆಯು ಬರಿಯ ಸುದ್ದಿಯಾಗಿಬಿಡುತ್ತದೆ!

ಸರಿಯಾದ ಕ್ರಮ ಕಠಿಣವಲ್ಲ. ಸ್ಪ್ಯಾನಿಷ್ ಧಾತುಗಳು ‘ಆರ್’, ‘ಎರ್’, ‘ಇರ್’ ಎಂಬ ಮೂರು ಅಂತ್ಯಗಳಲ್ಲಿ ಮುಗಿಯುತ್ತವೆ. ಮೊದಲು ‘ನಾನು ಮಾತನಾಡುತ್ತೇನೆ’ ಎಂಬರ್ಥದ ‘ಅಬ್ಲೊ’ ರೂಪವನ್ನು ತೆಗೆದುಕೊಂಡು ಕೊನೆಯ ಒಕಾರವನ್ನು ಬಿಡಬೇಕು. ಬಳಿಕ ‘ಆರ್’ ವರ್ಗಕ್ಕೆ ಎಕಾರವನ್ನೂ, ಉಳಿದೆರಡು ವರ್ಗಗಳಿಗೆ ಆಕಾರವನ್ನೂ ಹಚ್ಚಬೇಕು. ಸ್ವರಗಳು ಪರಸ್ಪರ ಮನೆ ಬದಲಿಸಿದಂತೆ!

ಮಾತನಾಡಬೇಡ — ನೊ ಅಬ್ಲೆಸ್. ತಾವು ಮಾತನಾಡಬೇಡಿ — ನೊ ಅಬ್ಲೆ. ನೀವೆಲ್ಲರೂ ಮಾತನಾಡಬೇಡಿ — ನೊ ಅಬ್ಲೆನ್.

ಉಣ್ಣಬೇಡ — ನೊ ಕೊಮಾಸ್. ತಾವು ಉಣ್ಣಬೇಡಿ — ನೊ ಕೊಮಾ. ನೀವೆಲ್ಲರೂ ಉಣ್ಣಬೇಡಿ — ನೊ ಕೊಮಾನ್.

ಬರೆಯುವುದೆಂಬರ್ಥದ ‘ಎಸ್ಕ್ರಿಬಿರ್’ ಧಾತುವೂ ಹೀಗೆಯೇ ‘ನೊ ಎಸ್ಕ್ರಿಬಾಸ್’ ಎಂದಾಗುತ್ತದೆ. ಸ್ಪೇನಿನಲ್ಲಿ ಆಪ್ತರ ಗುಂಪಿಗೆ ಮಾತ್ರ ‘ನೊ ಅಬ್ಲೇಯಿಸ್’ ಎಂಬ ಬೇರೆ ರೂಪವುಂಟು.

ಈ ಬದಲಾವಣೆಗೆ ಕಾರಣವೇನು? ಇರುವುದನ್ನು ಇದ್ದಂತೆ ಹೇಳಲು ಸ್ಪ್ಯಾನಿಷಿನಲ್ಲಿ ಒಂದು ಕ್ರಿಯಾರೂಪ. ಇಚ್ಛೆ, ಸಂದೇಹ, ಸಂಭಾವನೆಗಳನ್ನು ಸೂಚಿಸಲು ಮತ್ತೊಂದು. ನಡೆಯಬಾರದೆಂದು ನಾವು ಬಯಸುವ ಕ್ರಿಯೆಗೆ ಈ ಎರಡನೆಯದೇ ತಕ್ಕುದು. ಹಿರಿಯರಿಗೆ ‘ಮಾತನಾಡಿ’ ಎಂದು ವಿನಂತಿಸುವಾಗಲೂ ಇದೇ ರೂಪ: ‘ಅಬ್ಲೆ’. ಗೌರವದ ಮಾತಿನಲ್ಲಿ ವಿಧಿ ನಿಷೇಧಗಳೆರಡಕ್ಕೂ ರೂಪ ಒಂದೇ ಎಂಬುದು ಗಮನಾರ್ಹ.

ಸರ್ವನಾಮದ ಸ್ಥಾನವೂ ನಿಷೇಧದಲ್ಲಿ ಬದಲಾಗುತ್ತದೆ. ‘ಕೊಂಪ್ರಲೊ’ ಎಂದರೆ ‘ಅದನ್ನು ಕೊಳ್ಳು’. ಇಲ್ಲಿ ‘ಲೊ’ ಎಂಬ ಸರ್ವನಾಮ ಕ್ರಿಯಾಪದದ ಬಾಲಕ್ಕಿದೆ. ‘ಅದನ್ನು ಕೊಳ್ಳಬೇಡ’ ಎನ್ನುವಾಗ ಅದು ಮುಂದಕ್ಕೆ ಬಂದು ‘ನೊ ಲೊ ಕೊಂಪ್ರೆಸ್’ ಆಗುತ್ತದೆ.

ಫಿಲಿಪೈನ್ಸಿನ ಹೋಸೆ ರಿಸಾಲರು 1887ರಲ್ಲಿ ಪ್ರಕಟಿಸಿದ ಸ್ಪ್ಯಾನಿಷ್ ಕಾದಂಬರಿಗೆ ‘ನೋಲಿ ಮೆ ತಾಂಗೆರೆ’ ಎಂಬ ಲ್ಯಾಟಿನ್ ಹೆಸರನ್ನಿಟ್ಟರು. ‘ನನ್ನನ್ನು ಮುಟ್ಟಬೇಡ’ ಎಂದು ಅದರ ಅರ್ಥ. ಇದನ್ನೇ ಸ್ಪ್ಯಾನಿಷಿನಲ್ಲಿ ‘ನೊ ಮೆ ತೊಕೆಸ್’ ಎನ್ನಬೇಕು. ಸ್ಪ್ಯಾನಿಷಿನ ತಾಯಿಯಾದ ಲ್ಯಾಟಿನ್ನಿನ ‘ನೋಲಿ’ಗೆ ‘ಇಚ್ಛಿಸದಿರು’ ಎಂಬುದು ಮೂಲಾರ್ಥ. ನಮ್ಮ ‘ಬೇಡ’ವೂ ‘ಬೇಕು’ ಎಂಬುದರ ನಿಷೇಧವೇ ಅಲ್ಲವೆ? ಅಷ್ಟು ದೂರದ ಭಾಷೆಯೂ ಕನ್ನಡವೂ ನಿಷೇಧವನ್ನು ಒಂದೇ ಬಗೆಯಲ್ಲಿ ಭಾವಿಸಿದುದು ಸೋಜಿಗ.

ಎರಡು ನುಡಿಗಳ ನಡುವೆ ನಿತ್ಯ ಬಾಳುವ ನಮ್ಮ ಮಕ್ಕಳಿಗೆ ಇನ್ನೊಂದು ನುಡಿ ಭಾರವಾಗಲಾರದು. ‘ತೆಮೆರ್’ ಎಂದರೆ ಅಂಜುವುದು. ‘ತೆಮೊ’ ಎಂದರೆ ಅಂಜುತ್ತೇನೆ. ಇದರ ನಿಷೇಧ ರೂಪವನ್ನು ವಾಚಕರೇ ಕಟ್ಟಿ ನೋಡಲಿ: ‘ನೊ ತೆಮಾಸ್’ — ಅಂಜಬೇಡ.